ಕಣ, ಕೂರಿಗೆ, ಒನಕೆ: ನಮ್ಮ ಕೈಕೆಲಸಕ್ಕೂ ಒಂದು ಹಬ್ಬ ಬೇಡವೇ?



ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಕಡೆಯವರಿಗೆಲ್ಲ ಚುಂಚನಕಟ್ಟೆ ಜಾತ್ರೆ ನೆನಪಾಗುತ್ತದೆ. ಕಾವೇರಿ ದಂಡೆಯ ಕೋದಂಡರಾಮ ದೇವಸ್ಥಾನದ ಬಳಿ ನಡೆಯುವ ಈ ದನಗಳ ಜಾತ್ರೆಗೆ ರೈತರು ಹಳ್ಳಿಕಾರ್ ಎತ್ತುಗಳನ್ನು ಸಿಂಗರಿಸಿ ತರುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಬೆಲೆ ಕಟ್ಟುವುದು, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು, ಇವೆಲ್ಲ ಅಲ್ಲಿ ಕಾಣುವ ವಿದ್ಯೆಗಳು. ನಿಜ, ಇದು ಹಿರಿಯರ ಬೇಸಾಯದ ದೊಡ್ಡ ಹಬ್ಬವೇ ಸರಿ.

ಆದರೆ ಒಂದು ಮಾತು ಯೋಚಿಸಿ ನೋಡೋಣ. ಎತ್ತು ಸಾಕಿದವನಿಗೆ ಜಾತ್ರೆ ಇದೆ. ಬೀಜ ಆರಿಸಿದವಳಿಗೆ, ರಾಶಿ ತೂರಿದವಳಿಗೆ, ಕಾಳು ಕೆಡದಂತೆ ವರ್ಷವಿಡೀ ಕಾಪಾಡಿದವಳಿಗೆ ಯಾವ ಜಾತ್ರೆ ಇದೆ? ಬೇಸಾಯದ ಅರ್ಧಕ್ಕಿಂತ ಹೆಚ್ಚು ಕೆಲಸ ನಮ್ಮ ಕೈಯಲ್ಲೇ ನಡೆದರೂ ಅದು 'ಮನೆ ಕೆಲಸ' ಅಂತ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ಸೀಮೆ ಹೀಗಿತ್ತು

ಹುಣಸೂರು 19ನೇ ಶತಮಾನದಲ್ಲಿ ಅಮೃತ ಮಹಲ್ ದನಗಳ ಇಲಾಖೆಯ ಮುಖ್ಯ ಸ್ಥಳವಾಗಿತ್ತು. ಎತ್ತಿನ ಗಾಡಿ ಕಟ್ಟುವುದಕ್ಕೂ ಆ ಊರು ಹೆಸರುವಾಸಿ. ಕೆ.ಆರ್.ನಗರದ ಕಡೆ ಕಾವೇರಿ ನಾಲೆಯ ಭತ್ತ. ಪಿರಿಯಾಪಟ್ಟಣ, ಹೆಚ್.ಡಿ.ಕೋಟೆಯ ಬೆದ್ದಲು ಹೊಲಗಳಲ್ಲಿ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು.

ರಾಗಿ ಹೊಲದಲ್ಲಿ ಬರೀ ರಾಗಿ ಇರುತ್ತಿರಲಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಆ ಸಾಲಿನಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಮನೆಗೆ ಬರುತ್ತಿತ್ತು. ಅವರೆ, ತೊಗರಿಯ ಬೇರು ಭೂಮಿಗೆ ಸಾರಜನಕ ಸೇರಿಸುತ್ತಿತ್ತು. ಒಂದೇ ಹೊಲದಿಂದ ಮುದ್ದೆ, ಸಾರು, ಎಣ್ಣೆಕಾಳು, ದನಕ್ಕೆ ಮೇವು. ಅಕ್ಕಡಿ ಕಾಳನ್ನು ಹೆಚ್ಚಾಗಿ ಹೆಂಗಸರೇ ಬಿಡಿಸಿ, ಮಾರಿ, ಕೈಖರ್ಚಿಗೆ ಇಟ್ಟುಕೊಳ್ಳುತ್ತಿದ್ದರು. ಉಳಿತಾಯ ಅನ್ನುವುದು ಸಂಘ ಬಂದ ಮೇಲೆ ಶುರುವಾಗಿದ್ದಲ್ಲ ನೋಡಿ!

ಆಮೇಲೆ ಹೊಗೆಸೊಪ್ಪು ಬಂತು, ಮುಸುಕಿನ ಜೋಳ ಬಂತು, ಶುಂಠಿ ಬಂತು. ರಾಗಿಯಲ್ಲೂ ಹೊಸ ತಳಿ ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಇಳುವರಿ ಹೆಚ್ಚಾಯಿತು, ಎಷ್ಟೋ ಮನೆಗಳ ಹಸಿವು ನೀಗಿತು. ಅದನ್ನು ಮರೆಯಬಾರದು. ಆದರೆ ಹಳೇ ತಳಿಗಳ ಬೀಜ ಕಟ್ಟಿಡುವುದನ್ನು ನಾವು ಬಿಟ್ಟೆವು. ಬೀಜದ ಜೊತೆ ವಿದ್ಯೆಯೂ ಹೋಗುತ್ತಾ ಇದೆ.

ಯಾವ ವಿದ್ಯೆ?

* ಬೀಜ ಆರಿಸುವುದು: ರಾಶಿಯಿಂದಲ್ಲ, ಹೊಲದಿಂದಲೇ. ರೋಗವಿಲ್ಲದ, ತುಂಬಿದ ತೆನೆಯನ್ನು ಕೊಯ್ಲಿಗೆ ಮುಂಚೆ ಗುರುತು ಮಾಡಿ ಬೇರೆ ಇಡುವುದು.

* ಕಾಳು ಕಾಪಾಡುವುದು: ಚೆನ್ನಾಗಿ ಒಣಗಿಸಿ ಬೂದಿ ಬೆರೆಸುವುದು, ಬೇವಿನ ಸೊಪ್ಪು ಹಾಕುವುದು, ಅವರೆ-ತೊಗರಿಗೆ ಕೆಮ್ಮಣ್ಣು ಕಟ್ಟುವುದು.

* ಹಗೇವು: ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿದರೆ ಜೀವಕ್ಕೇ ಅಪಾಯ ಅಂತ ಅರ್ಥ.

* ಕಣ: ಸಗಣಿ ಸಾರಿಸಿ, ರೋಣಗಲ್ಲು ಹೊಡೆದು, ಗಾಳಿ ನೋಡಿ ತೂರುವುದು. ಈಗ ಟಾರು ರಸ್ತೆಯೇ ಕಣವಾಗಿದೆ. ಬೈಕು ಜಾರಿ ಬೀಳುವವರ ಕಥೆ ನಿಮಗೇ ಗೊತ್ತು.

* ಅಳತೆ: ಸೇರು, ಬಳ್ಳ, ಕೊಳಗ. 20 ಕೊಳಗಕ್ಕೆ ಒಂದು ಖಂಡುಗ. ನಮ್ಮ ಮಕ್ಕಳನ್ನು ಕೇಳಿ, ಎಷ್ಟು ಜನ ಹೇಳ್ತಾರೆ?

ಹಬ್ಬದಿಂದ ಏನು ಲಾಭ?

ಹಳೇದೆಲ್ಲ ಚಿನ್ನ ಅಂತ ನಾವು ಹೇಳುವುದಿಲ್ಲ. ಒನಕೆ ಹಿಡಿದು ಕೈ ಬೊಬ್ಬೆ ಬಂದ ನಮ್ಮ ಅವ್ವಂದಿರಿಗೆ ಮಿಲ್ಲು ಬಂದದ್ದು ದೊಡ್ಡ ಬಿಡುಗಡೆ. ಮತ್ತೆ ಒರಳಿಗೆ ಹೋಗಿ ಅಂತ ಯಾರೂ ಹೇಳಬೇಕಾಗಿಲ್ಲ. ಆದರೆ ಬೀಜ ಮತ್ತು ತಿಳಿವಳಿಕೆ ಬೇರೆ ಮಾತು. ಬಿತ್ತದೆ ಇಟ್ಟ ಬೀಜ ಕೆಲವೇ ವರ್ಷಗಳಲ್ಲಿ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಎಂಬತ್ತು ವರ್ಷದ ಅಜ್ಜಿ ಹೋದರೆ ಕೇಳಲು ಯಾರೂ ಉಳಿಯುವುದಿಲ್ಲ. ಮರದ ಕೊಳಗ, ಕೂರಿಗೆ ಗುಜರಿಯವರ ಪಾಲಾಗುತ್ತಿವೆ.

ಹಣದ ಲೆಕ್ಕವೂ ಇದೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಆಚರಿಸಿತು. ಪೇಟೆಯವರು ಈಗ ರಾಗಿ ಹುಡುಕಿಕೊಂಡು ಬರುತ್ತಿದ್ದಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಆಹಾರ ಯಾವುದಿದೆ?

ಕಾನೂನೂ ನಮ್ಮ ಪರವಾಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಮ್ಮ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರು ಹಾಕಿದ ಪೊಟ್ಟಣದಲ್ಲಿ ಮಾರುವಂತಿಲ್ಲ, ಅಷ್ಟೇ.

ಮಾಡುವುದು ಹೇಗೆ?

1. ಸುಗ್ಗಿ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ. ಮೂರು ನಾಲ್ಕು ಸಂಘಗಳು ಸೇರಿದರೆ ಸಾಕು. ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

2. ಇದಕ್ಕಾಗಿ ಸಾಲ ಮಾಡಬೇಡಿ. ಶಾಮಿಯಾನ, ಮೈಕು ಬೇಕೇ ಬೇಕು ಅಂತಿಲ್ಲ. ಮರದ ನೆರಳು, ಶಾಲೆ ಅಂಗಳ ಸಾಕು.

3. ಪ್ರತಿ ಮನೆಯಿಂದ ಒಂದು ಹಳೇ ಸಾಮಾನು, ಒಂದು ಹಿಡಿ ಬೀಜ ಬರಲಿ. ಬೀಜದ ಹೆಸರು, ಬಿತ್ತುವ ಮಳೆ, ಕೊಟ್ಟವರ ಹೆಸರು ಚೀಟಿಯಲ್ಲಿ ಬರೆಯಿರಿ.

4. ಅಜ್ಜಿಯರೇ ಮುಖ್ಯ ಅತಿಥಿಗಳು. ಅವರು ಮಾಡಿ ತೋರಿಸಲಿ, ಮಕ್ಕಳು ಬರೆದುಕೊಳ್ಳಲಿ. ಆದಿವಾಸಿ ಹಾಡಿಯ ಹಿರಿಯರನ್ನೂ ಗೌರವದಿಂದ ಕರೆಯಿರಿ. ಕಾಡಿನ ಸೊಪ್ಪು, ಗೆಡ್ಡೆ, ಜೇನಿನ ವಿಷಯದಲ್ಲಿ ಅವರೇ ನಮಗೆ ಗುರುಗಳು.

5. ಬೀಜ ಒಯ್ದವರು ಮುಂದಿನ ಸುಗ್ಗಿಗೆ ಎರಡರಷ್ಟು ವಾಪಸ್ ಕೊಡುವ ಒಪ್ಪಂದ ಮಾಡಿಕೊಳ್ಳಿ. ಇದೇ ನಿಮ್ಮ ಬೀಜ ಬ್ಯಾಂಕಿನ ಮೊದಲ ಠೇವಣಿ.

ಹೆಚ್.ಎಲ್. ನಾಗೇಗೌಡರು ಹಳ್ಳಿಗಳಿಂದ ಇಂಥ ಸಾಮಾನುಗಳನ್ನು ಕೂಡಿಸಿ ರಾಮನಗರದ ಬಳಿ 'ಜಾನಪದ ಲೋಕ' ಕಟ್ಟಿದರು. ಮೈಸೂರು-ಬೆಂಗಳೂರು ರಸ್ತೆಯಲ್ಲೇ ಇದೆ. ಸಂಘದ ಪ್ರವಾಸ ಹೋದಾಗ ನೋಡಿ ಬನ್ನಿ. ಆದರೆ ಅಲ್ಲಿ ಇಡಬಹುದಾದದ್ದು ಸಾಮಾನು ಮಾತ್ರ. ಬೀಜ ಉಳಿಯಬೇಕಾದರೆ ನಮ್ಮ ಹೊಲದಲ್ಲೇ ಉಳಿಯಬೇಕು.

ಮುಂದಿನ ಸಭೆಯಲ್ಲಿ ಚರ್ಚಿಸಿ

* ನಮ್ಮ ಊರಿನಲ್ಲಿ ಹಳೇ ಬೀಜ ಇನ್ನೂ ಯಾರ ಮನೆಯಲ್ಲಿದೆ?
* ಅಕ್ಕಡಿ ಸಾಲು ಬಿಡುವವರು ಎಷ್ಟು ಜನ ಇದ್ದಾರೆ?
* ಈ ವರ್ಷ ನಾವು ಯಾವ ಅಜ್ಜಿಯ ಹತ್ತಿರ ಕೂತು ಕಲಿಯೋಣ?