ಶಾರ್ತ್ರ ನೋಡಲು ಒಂದು ಇಡೀ ದಿನ

ಪ್ಯಾರಿಸ್ಸಿನ ನಮ್ಮ ಮನೆಗೆ ಬರುವ ನೆಂಟರು ಐಫೆಲ್ ಗೋಪುರ, ನೋತ್ರ್ ದಾಮ್ ಎಂದು ಪಟ್ಟಿ ಹಿಡಿದೇ ಬರುತ್ತಾರೆ. ನನ್ನ ಅಡ್ಡಿಯೇನಿಲ್ಲ. ಆದರೆ ಒಂದು ದಿನವನ್ನು ನನಗೆ ಬಿಡಿ, ಶಾರ್ತ್ರ ಎಂಬ ಊರಿಗೆ ಹೋಗೋಣ ಎನ್ನುತ್ತೇನೆ. ಮೊನ್‌ಪಾರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆಯ ದಾರಿ. ಇಳಿದು ಅಲ್ಲಿನ ಕೆಥೆಡ್ರಲ್‌ಗೆ ನಡೆದೇ ಹೋಗಬಹುದು. ಒಳಗೆ ಹೋಗಲು ಟಿಕೆಟ್ ಇಲ್ಲ, ಗೋಪುರ ಹತ್ತುವುದಕ್ಕೆ ಮಾತ್ರ ದುಡ್ಡು.

“ಅರ್ಧ ದಿನ ಸಾಕಲ್ವಾ?” ಎಂದು ಕೇಳದವರಿಲ್ಲ. ಸಾಲದು. ಇಲ್ಲಿ ನೋಡಬೇಕಾದದ್ದು ಬಣ್ಣದ ಗಾಜು, ಆ ಗಾಜಿಗೆ ಬೆಳಕು ಕೊಡುವವನು ಸೂರ್ಯ. ಬೆಳಿಗ್ಗೆ ಬಲಿಪೀಠದ ಸುತ್ತಲಿನ ಕಿಟಕಿಗಳು ಹೊಳೆದರೆ, ಮಧ್ಯಾಹ್ನ ಕಳೆದ ಮೇಲೆ ಪಶ್ಚಿಮದ ಬಾಗಿಲ ಮೇಲಿನ ಮೂರು ಹಳೆಯ ಕಿಟಕಿಗಳ ಸರದಿ. ಮೋಡ ಮುಸುಕಿದ್ದರೆ ಗೊಣಗಬೇಡಿ, ಕಣ್ಣು ಕುಕ್ಕದೆ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡಲು ಅಂಥ ದಿನವೇ ಮೇಲು. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತು, ತಿರುಗಾಡಲು ಹೋಗದಿರುವುದೇ ಮರ್ಯಾದೆ.

ಇಷ್ಟೊಂದು ಗಾಜು ಹೇಗೆ ಬಂತು? ಹಳೆಯ ಕೆಥೆಡ್ರಲ್ 1194ರಲ್ಲಿ ಬೆಂಕಿಗೆ ಆಹುತಿಯಾಯಿತು. ಉಳಿದ ಪಶ್ಚಿಮದ ಭಾಗಕ್ಕೆ ಸೇರಿಸಿ ಕೆಲವೇ ದಶಕಗಳಲ್ಲಿ ಹೊಸದನ್ನು ಎಬ್ಬಿಸಿದರು. ಸುಮಾರು 37 ಮೀಟರ್ ಎತ್ತರದ ಕಲ್ಲಿನ ಚಾವಣಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಚೂಪು ಕಮಾನುಗಳು ಆ ಭಾರವನ್ನು ಕಂಬಗಳಿಗೆ ದಾಟಿಸುತ್ತವೆ. ವಾಲುವ ಗೋಡೆಗೆ ನಮ್ಮೂರಲ್ಲಿ ಹೊರಗಿನಿಂದ ಮರ ಆನಿಸುತ್ತಾರಲ್ಲ, ಇಲ್ಲಿ ಕಲ್ಲಿನ ತೋಳುಗಳು ಹಾಗೆ ಆನಿಕೊಂಡಿವೆ. ಗೋಡೆಗೆ ಹೊರುವ ಕೆಲಸ ತಪ್ಪಿತು, ಕಿಟಕಿಗೆ ಜಾಗವಾಯಿತು. ಅದಕ್ಕೇ ಒಳಗೆ ಹೋಗುವ ಮೊದಲು ಹೊರಗೊಂದು ಸುತ್ತು ಹಾಕಿಸುತ್ತೇನೆ. ಜೋಡಿಯಲ್ಲದ ಎರಡು ಗೋಪುರಗಳೂ ಆಗಲೇ ಕಣ್ಣಿಗೆ ಬೀಳುತ್ತವೆ: ಒಂದರ ಶಿಖರ 12ನೇ ಶತಮಾನದ್ದು, ಸಾದಾ, ಇನ್ನೊಂದರದು 16ನೇ ಶತಮಾನದ್ದು, ಮೈತುಂಬ ಕುಸುರಿ. ನನಗೆ ಸಾದಾ ಶಿಖರವೇ ಇಷ್ಟ.

ಚೀಲದಲ್ಲಿ ಬೈನಾಕ್ಯುಲರ್ ಇರಲೇಬೇಕು. ಜೊತೆಗೊಂದು ಸ್ವೆಟರ್, ಬೇಸಿಗೆಯಲ್ಲೂ ಒಳಗೆ ತಂಪು. ಕಿಟಕಿಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲವನ್ನೂ ನೋಡುವ ಹಟ ಬೇಡ, ನೂರೆಪ್ಪತ್ತಕ್ಕೂ ಹೆಚ್ಚಿವೆ. ಉತ್ತರ ಬದಿಯ ನೋಹನ ಕಿಟಕಿಯ ಮುಂದೆ ಕುರ್ಚಿ ಎಳೆದು ಕೂತುಬಿಡಿ. ಮೇಲೆ ನೋಹ ಹಡಗು ಕಟ್ಟಿ ಪಾರಾದ ಬೈಬಲಿನ ಪ್ರಳಯದ ಕಥೆ. ಬುಡದಲ್ಲಿ ಬಡಗಿಗಳು, ಚಕ್ರ ಮಾಡುವವರು, ಪೀಪಾಯಿ ಕಟ್ಟುವವರು ಕೆಲಸದಲ್ಲಿ ಮುಳುಗಿದ್ದಾರೆ. ಕಿಟಕಿಗೆ ದಾನ ಕೊಟ್ಟವರು ಅವರೇ ಎಂಬುದು ಹಳೆಯ ನಂಬಿಕೆ, ವಿದ್ವಾಂಸರಲ್ಲಿ ತಕರಾರುಂಟು. ಮರಗೆಲಸ ಬಲ್ಲ ನಮ್ಮ ದೊಡ್ಡಮಾವ ಬೈನಾಕ್ಯುಲರ್ ಇಳಿಸದೆಯೇ, “ಹಡಗು ಕಟ್ಟಿದ ಕಥೆ ಅಂದಮೇಲೆ ಬಡಗಿಗಳೇ ದುಡ್ಡು ಹಾಕಿರಬೇಕು ಬಿಡಮ್ಮ” ಎಂದು ತೀರ್ಪು ಕೊಟ್ಟರು. ಅತ್ತೆಗೆ ಮಾತ್ರ ದಕ್ಷಿಣ ಬದಿಯ ನೀಲಿ ಮೇರಿಯ ಕಿಟಕಿಯ ಮುಂದಿನಿಂದ ಏಳಲು ಮನಸ್ಸಿಲ್ಲ. 1194ರ ಬೆಂಕಿಯಿಂದ ಪಾರಾದ ಗಾಜು ಅದು. 1939ರಲ್ಲಿ ಯುದ್ಧ ಬಂದಾಗ ಇಲ್ಲಿನ ಗಾಜನ್ನೆಲ್ಲ ಬಿಚ್ಚಿ ಬೇರೆಡೆ ಸಾಗಿಸಿದ್ದರು.

ಒಳಗೋಡೆ ಇಷ್ಟು ಬೆಳ್ಳಗಿದೆಯಲ್ಲ ಎಂದು ಅಚ್ಚರಿಯಾಗಬಹುದು. 2009ರಿಂದ ಶತಮಾನಗಳ ಮಸಿ ತೆಗೆದು ಹಳೆಯ ತಿಳಿಬಣ್ಣ ತಂದಿದ್ದಾರೆ. ಕತ್ತಲೆಯ ಸೊಬಗು ಹೋಯಿತೆಂದು ಕೂಗಾಡಿದವರಿದ್ದಾರೆ. ಕಟ್ಟಿದವರೇನು ಮಸಿ ನೋಡಲು ಕಟ್ಟಿರಲಿಲ್ಲ ಎಂಬುದು ನನ್ನ ವಾದ. ಆದರೆ ಭಕ್ತರು ತಲೆಮಾರುಗಳಿಂದ ಕಪ್ಪಾಗಿ ಕಂಡಿದ್ದ ಮೇರಿಯ ವಿಗ್ರಹಕ್ಕೂ ಬಿಳಿ ಮುಖ ಬಂದದ್ದು ನನಗೆ ಇನ್ನೂ ಒಗ್ಗಿಲ್ಲ.

ನೆಲದಲ್ಲಿ ಸುಮಾರು 13 ಮೀಟರ್ ಅಗಲದ, ಚಕ್ರವ್ಯೂಹದಂಥ ಸುತ್ತುದಾರಿಯೊಂದಿದೆ. ಮಾಮೂಲಿ ದಿನ ಅದರ ಮೇಲೆ ಕುರ್ಚಿಗಳಿರುತ್ತವೆ. ನಡೆಯುವ ಆಸೆಯಿದ್ದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಂದ ಅಕ್ಟೋಬರ್ ಕೊನೆಯವರೆಗಿನ ಶುಕ್ರವಾರ ಆರಿಸಿಕೊಳ್ಳಿ. ಬೇಸಿಗೆಯ ರಾತ್ರಿ ಕಟ್ಟಡದ ಮೇಲೆ ಬೆಳಕಿನಾಟ ಇರುತ್ತದೆ. ಆದರೆ ಜೂನಿನಲ್ಲಿ ಕತ್ತಲಾಗುವುದೇ ಹತ್ತು ದಾಟಿದ ಮೇಲೆ. ಅದನ್ನೂ ನೋಡಬೇಕಾದರೆ ಶಾರ್ತ್ರದಲ್ಲೇ ಒಂದು ರೂಮು ಹಿಡಿಯಿರಿ, ಇಲ್ಲವೇ ಪ್ಯಾರಿಸ್ಸಿಗೆ ಕೊನೆಯ ರೈಲು ಎಷ್ಟಕ್ಕೆಂದು ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ.