ಸಂಬಂಧಪಟ್ಟಿಕೆಗಳಲ್ಲಿ ಪುನರುಕ್ತಿನಿವಾರಣೆ

ಗಣಕಯಂತ್ರದ ದತ್ತಾಂಶಕೋಶಗಳಲ್ಲಿ ವಿಷಯಗಳನ್ನು ಪಟ್ಟಿಕೆಗಳಾಗಿ ವಿಂಗಡಿಸಿಡುವ ಕ್ರಮಕ್ಕೆ ಆಧಾರವಾದ ಸಿದ್ಧಾಂತವನ್ನು ಎಡ್ಗರ್ ಕಾಡ್ ಎಂಬ ವಿದ್ವಾಂಸನು 1970ರಲ್ಲಿ ಪ್ರಕಟಿಸಿದನು. ಆತನ ಮತದಲ್ಲಿ ಪಟ್ಟಿಕೆಯೆಂಬುದು ಗಣಿತಶಾಸ್ತ್ರದಲ್ಲಿ ಹೇಳುವ ಗಣ. ಗಣದಲ್ಲಿ ಒಂದೇ ಅಂಶವು ಎರಡಾವರ್ತಿ ಇರಲಾರದು. ಆದುದರಿಂದ ಪಟ್ಟಿಕೆಯಲ್ಲಿ ಒಂದೇ ಪಂಕ್ತಿಯು ಎರಡು ಸಲ ಬರಕೂಡದು. ಆದರೆ ವ್ಯವಹಾರದಲ್ಲಿರುವ ಎಸ್‌ಕ್ಯೂಎಲ್ ಭಾಷೆಯು ಈ ನಿಯಮವನ್ನು ತಾನಾಗಿಯೇ ಪಾಲಿಸುವುದಿಲ್ಲ. ವಿಧಿಸಿದರೆ ಮಾತ್ರ ಪಾಲಿಸುತ್ತದೆ. ಆ ವಿಧಿಯನ್ನು ಎಲ್ಲಿ, ಹೇಗೆ ಇಡಬೇಕೆಂಬುದೇ ಇಲ್ಲಿಯ ವಿಚಾರ.

ಗ್ರಂಥಸೂಚಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪಂಪನು ಆದಿಪುರಾಣ, ವಿಕ್ರಮಾರ್ಜುನವಿಜಯಗಳೆಂಬ ಎರಡು ಕಾವ್ಯಗಳನ್ನು ರಚಿಸಿದನು. ಸಂಸ್ಕೃತದ ಮಹಾಪುರಾಣವನ್ನಾದರೋ ಜಿನಸೇನನು ಆರಂಭಿಸಿ, ಅವನ ಶಿಷ್ಯನಾದ ಗುಣಭದ್ರನು ಪೂರ್ಣಗೊಳಿಸಿದನು. ಹೀಗೆ ಒಬ್ಬ ಕವಿಗೆ ಹಲವು ಕೃತಿಗಳೂ ಒಂದು ಕೃತಿಗೆ ಹಲವರು ಕರ್ತೃಗಳೂ ಇರುವುದರಿಂದ, ಕವಿಪಟ್ಟಿಕೆ ಕೃತಿಪಟ್ಟಿಕೆಗಳಲ್ಲದೆ, ಅವೆರಡನ್ನೂ ಕೂಡಿಸುವ ಸಂಬಂಧಪಟ್ಟಿಕೆಯೊಂದು ಬೇಕಾಗುತ್ತದೆ. ಅದರ ಪ್ರತಿಯೊಂದು ಪಂಕ್ತಿಯಲ್ಲಿಯೂ ಕವಿಯ ಸಂಖ್ಯೆ, ಕೃತಿಯ ಸಂಖ್ಯೆ ಇಷ್ಟೇ ಇರುತ್ತವೆ. ಪಂಪನಿಗೂ ಆದಿಪುರಾಣಕ್ಕೂ ಇರುವ ಸಂಬಂಧವು ಇಲ್ಲಿ ಎರಡು ಸಲ ದಾಖಲಾದರೆ, ಎಣಿಕೆಯಲ್ಲಿ ಪಂಪನ ಕೃತಿಗಳು ಮೂರಾಗುತ್ತವೆ. ತಪ್ಪಿದ ಸಂಬಂಧವೊಂದು ಹೀಗೆ ಎರಡಾಗಿ ಕುಳಿತಿದ್ದರೆ, ಒಂದು ಪಂಕ್ತಿಯನ್ನು ಅಳಿಸಿದ ಮೇಲೂ ತಪ್ಪು ಉಳಿದೇ ಇರುತ್ತದೆ.

ಬರೆಯುವುದಕ್ಕೆ ಮೊದಲು ಹುಡುಕಿ ನೋಡಿದರೆ ಸಾಲದೆ ಎಂದರೆ, ಸಾಲದು. ಇಬ್ಬರು ಲೇಖಕರು ಏಕಕಾಲದಲ್ಲಿ ಹುಡುಕಿದರೆ ಇಬ್ಬರಿಗೂ "ಇಲ್ಲ" ಎಂಬ ಉತ್ತರವೇ ದೊರೆಯುವುದು. ಬಳಿಕ ಇಬ್ಬರೂ ಬರೆಯುವರು. ಆದಕಾರಣ ನಿಷೇಧವು ಬರೆಯುವವನ ಎಚ್ಚರಿಕೆಯಲ್ಲಿರದೆ ಪಟ್ಟಿಕೆಯಲ್ಲಿಯೇ ಇರತಕ್ಕದ್ದು.

ಈ ನಿಷೇಧದ ಹೆಸರು "ಯುನೀಕ್" ನಿರ್ಬಂಧ. ಇದನ್ನು ಕವಿಸಂಖ್ಯೆಯೊಂದಕ್ಕೇ ವಿಧಿಸಿದರೆ ಪಂಪನ ಎರಡನೆಯ ಕಾವ್ಯಕ್ಕೆ ಎಡೆಯಿಲ್ಲ. ಕೃತಿಸಂಖ್ಯೆಯೊಂದಕ್ಕೇ ವಿಧಿಸಿದರೆ ಗುಣಭದ್ರನಿಗೆ ಎಡೆಯಿಲ್ಲ. ಪ್ರತಿಯೊಂದು ಪಂಕ್ತಿಗೂ ಬೇರೆ ಕ್ರಮಸಂಖ್ಯೆ ಕೊಟ್ಟರೂ ಪ್ರಯೋಜನವಿಲ್ಲ. ಅದೇ ಜೋಡಿಯು ಹೊಸ ಸಂಖ್ಯೆಯೊಡನೆ ಮತ್ತೆ ಒಳಹೊಗುತ್ತದೆ. ಸಂಬಂಧವು ಇಬ್ಬರು ಸಂಬಂಧಿಗಳಿಂದ ನಿರೂಪಿತವಾಗುವುದರಿಂದ, ನಿರ್ಬಂಧವನ್ನು ಆ ಎರಡರ ಜೋಡಿಗೇ ವಿಧಿಸಬೇಕು. ಬರಿದಾದ ಸ್ಥಾನಗಳನ್ನು ಈ ಭಾಷೆಯು ಸಾಮಾನ್ಯವಾಗಿ ಪರಸ್ಪರ ಸಮಾನವೆಂದೆಣಿಸದು. ಅವುಗಳ ಮೂಲಕ ಪುನರುಕ್ತಿಯು ನುಸುಳದಂತೆ ಎರಡು ಸ್ಥಾನಗಳೂ ತುಂಬಿರಬೇಕೆಂದೂ ವಿಧಿಸತಕ್ಕದ್ದು. ಮೊದಲೇ ಪುನರುಕ್ತಿಯುಳ್ಳ ಪಟ್ಟಿಕೆಯನ್ನು ಶೋಧಿಸಿದ ಮೇಲಷ್ಟೇ ನಿರ್ಬಂಧವು ನಿಲ್ಲುವುದು.

ಎರಡನೆಯ ಸಲ ಬಂದ ಜೋಡಿಯನ್ನು ದತ್ತಾಂಶಕೋಶವು ತಿರಸ್ಕರಿಸುತ್ತದೆ. ಇದನ್ನು ಕೆಲಸ ಕೆಟ್ಟಿತೆಂದಲ್ಲ, ಸಂಬಂಧವು ಸಿದ್ಧವಾಗಿಯೇ ಇದೆಯೆಂದು ತಿಳಿಯಬೇಕು. 2016ರಲ್ಲಿ ಹೊರಬಂದ ಪೋಸ್ಟ್‌ಗ್ರೆಎಸ್‌ಕ್ಯೂಎಲ್ 9.5ನೆಯ ಆವೃತ್ತಿಯಲ್ಲಿ, ಇಂತಹ ಸಂದರ್ಭದಲ್ಲಿ ಸುಮ್ಮನಿರಬೇಕೆಂದು ಹೇಳುವ "ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್" ಎಂಬ ವಾಕ್ಯಾಂಗವು ಸೇರಿತು.

ಆದರೂ ನಿರ್ಬಂಧಕ್ಕೊಂದು ಮೇರೆಯುಂಟು. ನಾಗಚಂದ್ರನೇ ಅಭಿನವಪಂಪ, ರಾಮಚಂದ್ರಚರಿತಪುರಾಣವೇ ಪಂಪರಾಮಾಯಣ. ಇವರನ್ನು ಇಬ್ಬರು ಕವಿಗಳೆಂದೂ ಇವನ್ನು ಎರಡು ಕೃತಿಗಳೆಂದೂ ಬೇರೆ ಬೇರೆ ಸಂಖ್ಯೆಗಳಿಂದ ದಾಖಲಿಸಿದರೆ, ಯಂತ್ರವು ದೋಷವನ್ನು ಕಾಣಲಾರದು. ಸಂಖ್ಯೆಗಳ ಐಕ್ಯವನ್ನು ಯಂತ್ರವು ಕಾಯುವುದು. ವಸ್ತುವಿನ ಐಕ್ಯವನ್ನು ನಿರ್ಣಯಿಸುವ ಹೊಣೆ ವಿದ್ವಾಂಸನದಾಗಿಯೇ ಉಳಿಯುವುದು.