ಕರೆಯದೆ ಬರುವ ತಂತ್ರಾಂಶಗಳು: ಮನೆಯ ಗಣಕಕ್ಕೊಂದು ಕಾವಲು

ಮಕ್ಕಳ ಪಾಠಕ್ಕೆಂದು ಪಿಡಿಎಫ್ ತೆರೆಯುವ ಉಚಿತ ತಂತ್ರಾಂಶವೊಂದನ್ನು ನಾವು ಇಳಿಸಿಕೊಳ್ಳುತ್ತೇವೆ. ಮರುದಿನ ನೋಡಿದರೆ ಬ್ರೌಸರಿನ ಮುಖಪುಟವೇ ಬದಲಾಗಿರುತ್ತದೆ; ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಹಿರಿಯರು ಮಕ್ಕಳನ್ನು ಗದರುತ್ತಾರೆ. ಮಕ್ಕಳು ತಾವೇನೂ ಮಾಡಿಲ್ಲವೆನ್ನುತ್ತಾರೆ. ಮಕ್ಕಳ ಮಾತು ಸುಳ್ಳಲ್ಲ.

ಇದೆಲ್ಲ ವೈರಸ್ಸಿನ ಕೆಲಸವೇ ಆಗಬೇಕೆಂದಿಲ್ಲ. ಉಚಿತ ತಂತ್ರಾಂಶ ಹಂಚುವವರಿಗೆ ಬೇರೆ ಕಂಪನಿಗಳು, ತಮ್ಮ ತಂತ್ರಾಂಶವನ್ನೂ ಜೊತೆಗೆ ಸೇರಿಸಿದರೆ ಪ್ರತಿ ಗಣಕಕ್ಕೆ ಇಂತಿಷ್ಟೆಂದು ಹಣ ಕೊಡುವುದುಂಟು. ಆಗ ನಾವು ಬಯಸಿದ್ದರ ಗಂಟಿನಲ್ಲಿ ಬಯಸದ್ದೂ ಬರುತ್ತದೆ. ಅನುಮತಿಯನ್ನೇನೋ ಕೇಳುತ್ತಾರೆ, ಆದರೆ ಸಮ್ಮತಿಯ ಚೌಕದಲ್ಲಿ ಮೊದಲೇ ಗುರುತು ಹಾಕಿಟ್ಟಿರುತ್ತಾರೆ.

ಹೆಸರಾಂತ ಸಂಸ್ಥೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಒರಾಕಲ್ ಕಂಪನಿಯ ಜಾವಾದೊಡನೆ ಆಸ್ಕ್ ಟೂಲ್‌ಬಾರ್ ಹಲವು ವರ್ಷ ಬರುತ್ತಿತ್ತು. 2015ರಲ್ಲಿ ಸೋರ್ಸ್‌ಫೋರ್ಜ್ ತಾಣವು ಚಿತ್ರ ತಿದ್ದುವ ಗಿಂಪ್ ತಂತ್ರಾಂಶಕ್ಕೆ ಇಂತಹ ಕೊಡುಗೆಗಳನ್ನು ಸುತ್ತಿ ಹಂಚಿದಾಗ ಗಿಂಪ್ ತಂಡ ಬಹಿರಂಗವಾಗಿ ಪ್ರತಿಭಟಿಸಿತು. 2016ರಲ್ಲಿ ತಾಣದ ಹೊಸ ಒಡೆಯರು ಆ ಪದ್ಧತಿಯನ್ನು ಕೈಬಿಟ್ಟರು.

ಗಡಿನಾಡಿನ ನಮ್ಮ ಮನೆಗಳಿಗೆ ಇನ್ನೊಂದು ತೊಡಕುಂಟು. ಆ ಪುಟಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದ ಮಗು ಅರ್ಥವಾಗದ ಪುಟವನ್ನು ದಾಟಲು ‘ನೆಕ್ಸ್ಟ್’ ಒತ್ತುತ್ತದೆ. ತಂದೆತಾಯಿಯರೂ ಅದನ್ನೇ ಮಾಡುತ್ತಾರೆ. ಓದಲಾಗದ ಕರಾರುಪತ್ರಕ್ಕೆ ಒತ್ತಿದ ಹೆಬ್ಬೆಟ್ಟಿನಂತಹ ಒಪ್ಪಿಗೆಯಿದು.

ಆದ್ದರಿಂದ ಮೊದಲು ಆ ತಂತ್ರಾಂಶ ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳೋಣ. ಪಿಡಿಎಫ್ ಕಡತವನ್ನು ಬ್ರೌಸರಿನಲ್ಲಿಯೇ ಓದಬಹುದು. ಕನ್ನಡ ಕೀಲಿಮಣೆಯ ವಿನ್ಯಾಸ ವಿಂಡೋಸ್‌ನ ಭಾಷಾ ಸೆಟ್ಟಿಂಗ್ಸ್‌ನಲ್ಲಿಯೇ ಇದೆ. ಬೇಕೇ ಬೇಕೆಂದಾದರೆ ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. ಹುಡುಕಾಟದಲ್ಲಿ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ನಂಬಬಾರದು. ಅಳವಡಿಸುವಾಗ ‘ಕಸ್ಟಮ್’ ಅಥವಾ ‘ಅಡ್ವಾನ್ಸ್ಡ್’ ಎಂಬುದನ್ನು ಆರಿಸಿ, ಬೇಡದ ಗುರುತುಗಳನ್ನು ತೆಗೆಯಬೇಕು. ‘ಡಿಕ್ಲೈನ್’ ಎಂದರೆ ಬೇಡವೆನ್ನುವುದು; ‘ಸ್ಕಿಪ್’ ಎಂದರೆ ಬಿಟ್ಟು ಮುಂದೆ ಹೋಗುವುದು. ಈ ನಾಲ್ಕು ಪದಗಳನ್ನು ಮಕ್ಕಳಿಗೆ ಕಲಿಸಿದರೆ ಅರ್ಧ ಕೆಲಸ ಮುಗಿಯಿತು.

ಈಗಾಗಲೇ ನುಸುಳಿದ್ದರೆ ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಅದೇ ದಿನ ಬಂದ ಅಪರಿಚಿತ ಹೆಸರುಗಳನ್ನು ಗುರುತಿಸಬೇಕು. ಗಣಕಕ್ಕೆ ಅಗತ್ಯವಾದುವೂ ಆ ಪಟ್ಟಿಯಲ್ಲಿರುವುದರಿಂದ ವಿಚಾರಿಸದೆ ಅಳಿಸಬಾರದು. ಬಳಿಕ ಬ್ರೌಸರಿನ ‘ಎಕ್ಸ್‌ಟೆನ್ಶನ್’ಗಳನ್ನೂ ಮುಖಪುಟವನ್ನೂ ಸರಿಪಡಿಸಬೇಕು.

ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ ಬಳಸುವುದು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನೂ/ಲಿನಕ್ಸ್ ವ್ಯವಸ್ಥೆ. ಅಲ್ಲಿ ತಂತ್ರಾಂಶಗಳು ಸಾಮಾನ್ಯವಾಗಿ ಒಂದೇ ಭಂಡಾರದಿಂದ ಬರುವುದರಿಂದ ಈ ಕಾಟ ವಿರಳ. ಮನೆಯ ವಿಂಡೋಸ್ ಗಣಕಕ್ಕೆ ನಾವೇ ಕಾವಲು. ತಿಳಿಯದ ಪುಟ ಬಂದಾಗ ಮಗು ‘ಇದೇನೆಂದು ಓದಿ ಹೇಳಿ’ ಎಂದು ಅಂಜದೆ ಕೇಳುವಂತಿರಬೇಕು. ಗದರಿದ ಮನೆಯಲ್ಲಿ ಮಗು ಕೇಳುವುದಿಲ್ಲ, ಒತ್ತಿಬಿಡುತ್ತದೆ.